ಆಣೆಗೆ ಒಗ್ಗಿದ ಯಂತ್ರ, ಪೈಸೆಗೆ ಒಗ್ಗದ ಫ್ಲೋಟು

ನಮಸ್ಕಾರ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿಗೆ ಬಟವಾಡೆಯ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ ಒಂದನ್ನು ಕೆಲವು ವರ್ಷಗಳ ಹಿಂದೆ ನಾನು ಬರೆದುಕೊಟ್ಟಿದ್ದೆ. ಬೆಳಿಗ್ಗೆ ಮತ್ತು ಸಂಜೆ ಹಾಕಿದ ಹಾಲು ಎಷ್ಟು ಲೀಟರು, ಅದರ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂಬುದನ್ನು ತೆಗೆದುಕೊಂಡು, ಹದಿನೈದು ದಿನಕ್ಕೊಮ್ಮೆ ಯಾರಿಗೆ ಎಷ್ಟು ಹಣ ಸಲ್ಲಬೇಕೆಂದು ಅದು ಹೇಳಬೇಕಿತ್ತು. ಮೊದಲ ಬಟವಾಡೆಯ ದಿನವೇ ಕಾರ್ಯದರ್ಶಿಯವರು ಪ್ರಿಂಟ್ ಹಾಳೆಯನ್ನು ಮುಂದಿಟ್ಟು, "ಸಾರ್, ಒಬ್ಬೊಬ್ರುದ್ನೂ ನಾನು ಕೂಡುದ್ರೆ ಒಂದ್ ಮೊತ್ತ ಬತ್ತದೆ, ನಿಮ್ ಕಂಪ್ಯೂಟ್ರು ಇನ್ನೊಂದ್ ಹೇಳ್ತದಲ್ಲ" ಎಂದರು. ವ್ಯತ್ಯಾಸ ಒಂದು ರೂಪಾಯಿಯಷ್ಟೂ ಇರಲಿಲ್ಲ. ಆದರೆ ಡೇರಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಎಷ್ಟು ಹೋಯಿತೆಂದು ಯಾರೂ ಕೇಳುವುದಿಲ್ಲ, ಯಾರು ತಿಂದರೆಂದು ಕೇಳುತ್ತಾರೆ.

ತಿಂದದ್ದು ನಾನು ಆರಿಸಿದ್ದ ಸಂಖ್ಯಾಪ್ರಕಾರ, ಅಂದರೆ ಕಂಪ್ಯೂಟರು ಸಂಖ್ಯೆಯನ್ನು ಇಟ್ಟುಕೊಳ್ಳುವ ರೀತಿ. ಹಣದ ಕಾಲಂಗೆ ನಾನು ಫ್ಲೋಟ್ ಎಂದು ಬರೆದಿದ್ದೆ, ಏಕೆಂದರೆ ಸಿ ಭಾಷೆ ಕಲಿಯುವಾಗ ನಮಗೆ "ಪೂರ್ಣಾಂಕಕ್ಕೆ ಇಂಟ್, ದಶಮಾಂಶಕ್ಕೆ ಫ್ಲೋಟ್" ಎಂದು ನೋಟ್ಸ್ ಬರೆಸಿದ್ದರು. ಇಂದಿಗೂ ಹಾಗೆಯೇ ಬರೆಸುತ್ತಾರೆ. ನನ್ನ ತಕರಾರಿರುವುದು ಆ ಸಾಲಿನ ಎರಡನೆಯ ಅರ್ಧದ ಬಗ್ಗೆ. ಫ್ಲೋಟ್ ಎಂಬುದು ದಶಮಾಂಶವೇ ಅಲ್ಲ.

ಅದು ಏನೆಂದು ತಿಳಿಯಲು ನಮ್ಮ ಅಜ್ಜಿಯರ ಅಳತೆಗಳು ಸಾಕು. ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಇವುಗಳನ್ನು ಒಂದೊಂದು ಸಲ ಮಾತ್ರ ಬಳಸಿ ಸರಿಯಾಗಿ ಸೇರಿನ ಹತ್ತನೆಯ ಒಂದು ಭಾಗ ರಾಗಿಯನ್ನು ಅಳೆದುಕೊಡಿ ಎಂದು ಯಾರಾದರೂ ಕೇಳಿದರೆಂದು ಇಟ್ಟುಕೊಳ್ಳಿ. ಅರೆಪಾವು ಹೆಚ್ಚಾಗುತ್ತದೆ. ಚಟಾಕು ಹಾಕಿದರೆ 0.0625 ಆಯಿತು. ಅದರ ಅರ್ಧವನ್ನೂ ಸೇರಿಸಿದರೆ 0.09375. ಮುಂದಿನ ಎರಡು ಅರ್ಧಗಳು ಹಿಡಿಸುವುದಿಲ್ಲ, ಅದರ ನಂತರದ ಎರಡು ಹಿಡಿಸುತ್ತವೆ, ಮತ್ತೆರಡು ಹಿಡಿಸುವುದಿಲ್ಲ. ಹೀಗೆ ಅರ್ಧದ ಅರ್ಧ ಮಾಡುತ್ತಾ ಹೋದರೂ 0.1 ಎಂಬುದು ಎಂದಿಗೂ ತುಂಬುವುದಿಲ್ಲ; ಮೂರರಲ್ಲಿ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಹೋಗುವಂತೆಯೇ ಇದು. ಫ್ಲೋಟ್ ಅಳೆಯುವುದೂ ಇಂಥ ಅರ್ಧಗಳಲ್ಲೇ. ಕಂಪ್ಯೂಟರು ಒಂದು ಹಂತದಲ್ಲಿ ಅಳೆಯುವುದನ್ನು ನಿಲ್ಲಿಸಿ, ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಫ್ಲೋಟಿನ ಎರಡರಷ್ಟು ಜಾಗ ಹಿಡಿಯುವ ಡಬಲ್ ಪ್ರಕಾರದಲ್ಲಿ 0.1ಕ್ಕೆ 0.2 ಕೂಡಿದಾಗ 0.30000000000000004 ಎಂದು ಕಾಣಿಸುವುದಕ್ಕೆ ಕಾರಣ ಇಷ್ಟೇ.

ಇದರಲ್ಲೊಂದು ತಮಾಷೆಯೂ ಇದೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವವರೆಗೆ ನಮ್ಮ ರೂಪಾಯಿಗೆ 16 ಆಣೆಗಳಿದ್ದವು. ಆಣೆ ಎಂದರೆ 0.0625, ಅಂದರೆ ಚಟಾಕಿನಂತೆಯೇ ಅರ್ಧದ ಅರ್ಧದ ಲೆಕ್ಕ. ಅದನ್ನು ಕಂಪ್ಯೂಟರು ಕೂದಲೆಳೆಯಷ್ಟೂ ತಪ್ಪದೆ ಇಟ್ಟುಕೊಳ್ಳಬಲ್ಲದು. ಪೈಸೆಯ ಲೆಕ್ಕದಲ್ಲಾದರೋ, ಒಂದು ರೂಪಾಯಿಯೊಳಗಿನ 1ರಿಂದ 99ರವರೆಗಿನ ಮೊತ್ತಗಳಲ್ಲಿ 25, 50, 75 ಈ ಮೂರು ಮಾತ್ರ ನಿಖರವಾಗಿ ಕೂರುತ್ತವೆ. (ಆಣೆಯೊಳಗಿನ 12 ಪೈಗಳ ವಿಷಯ ಎತ್ತಬೇಡಿ, ಅಲ್ಲಿ ಮೂರರ ಕಾಟವಿದೆ.)

ನನ್ನ ಬಟವಾಡೆ ಕೆಟ್ಟದ್ದಕ್ಕೆ ಮುಖ್ಯ ಕಾರಣ ಇದೂ ಅಲ್ಲ, ಫ್ಲೋಟಿನ ಗಾತ್ರ. ಎಂಜಿನಿಯರುಗಳ ಸಂಸ್ಥೆ ಐಇಇಇ 1985ರಲ್ಲಿ ಪ್ರಕಟಿಸಿದ 754 ಮಾನಕದ ಪ್ರಕಾರ 32 ಬಿಟ್‌ಗಳ (ಬಿಟ್ ಎಂದರೆ 0 ಅಥವಾ 1 ಹಿಡಿಸುವ ಒಂದು ಮನೆ) ಫ್ಲೋಟಿನಲ್ಲಿ ಚಿಹ್ನೆಗೆ 1, ಘಾತಕ್ಕೆ 8, ಅಂಕಿಗಳಿಗೆ 23 ಬಿಟ್‌ಗಳು. 64 ಬಿಟ್‌ಗಳ ಡಬಲ್‌ನಲ್ಲಿ ಅವು 1, 11 ಮತ್ತು 52. ಈ ಮಾನಕದ ಹಿಂದಿನ ಮುಖ್ಯ ವ್ಯಕ್ತಿ ವಿಲಿಯಂ ಕಹಾನ್ ಅವರಿಗೆ ಕಂಪ್ಯೂಟರ್ ವಿಜ್ಞಾನದ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಬಿಟ್‌ಗಳ ಸಂಖ್ಯೆ ನಿಗದಿಯಾಗಿರುವುದರಿಂದ, ಮೊತ್ತ ದೊಡ್ಡದಾದಷ್ಟೂ ಬಿಂದು ಬಲಕ್ಕೆ ತೇಲುತ್ತದೆ ಮತ್ತು ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರ ಹಿಗ್ಗುತ್ತದೆ. ಫ್ಲೋಟಿನಲ್ಲಿ 1,50,000 ರೂಪಾಯಿಯ ಆಸುಪಾಸಿನಲ್ಲಿ ಆ ಅಂತರ 0.015625, ಅಂದರೆ ಒಂದೂವರೆ ಪೈಸೆಗಿಂತ ಹೆಚ್ಚು. 5,24,288 ದಾಟಿ 10,48,576ರವರೆಗೆ ಅದು ಸರಿಯಾಗಿ 0.0625. ಆರೇಳು ಲಕ್ಷದ ನಮ್ಮ ಬಟವಾಡೆಯ ಒಟ್ಟು ಮೊತ್ತವನ್ನು ನನ್ನ ಪ್ರೋಗ್ರಾಂ ನನಗೆ ತಿಳಿಯದಂತೆ ಆಣೆಗಳಲ್ಲಿ ಕೂಡುತ್ತಿತ್ತು!

ಡಬಲ್ ಬಳಸಿದರೆ ಆಯಿತಲ್ಲವೇ ಎಂದು ನೀವು ಕೇಳಬಹುದು. ಅಳತೆ, ಭೌತಶಾಸ್ತ್ರ, ನಕ್ಷೆ, ಸರಾಸರಿಗಳಿಗೆ ಖಂಡಿತ ಆಯಿತು. 15 ಅಂಕಿಗಳ ನಿಖರತೆ ಬೇಡುವ ತಕ್ಕಡಿ ಯಾವ ಮಂಡಿಯಲ್ಲೂ ಇಲ್ಲ. ಹಣದ ವಿಷಯದಲ್ಲಿ ಅದು ತಪ್ಪನ್ನು ಅಡಗಿಸುತ್ತದೆಯೇ ಹೊರತು ತೆಗೆಯುವುದಿಲ್ಲ. 1.005 ರೂಪಾಯಿಯನ್ನು ಪೈಸೆಗೆ ಸರಿಹೊಂದಿಸಿದಾಗ 1.01 ಬರಬೇಕೆಂದು ನಾವು ಎಣಿಸುತ್ತೇವೆ, ಆದರೆ ಡಬಲ್‌ನಲ್ಲಿ ಆ ಸಂಖ್ಯೆ ನಿಜಕ್ಕೂ 1.005ಕ್ಕಿಂತ ಒಂದು ಎಳೆ ಕಡಿಮೆಯಿರುವುದರಿಂದ 1.00 ಬರುತ್ತದೆ.

ಈ ವಿಷಯ ಬಂದಾಗಲೆಲ್ಲ 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಪೇಟ್ರಿಯಟ್ ಎಂಬ ಕ್ಷಿಪಣಿ ತಡೆ ವ್ಯವಸ್ಥೆ ವಿಫಲವಾಗಿ 28 ಅಮೆರಿಕನ್ ಸೈನಿಕರು ಸತ್ತದ್ದನ್ನು ಹೇಳುವುದು ರೂಢಿ. ಅಲ್ಲಿ ಇದ್ದದ್ದು ಫ್ಲೋಟಿಂಗ್ ಪಾಯಿಂಟ್, ಅಂದರೆ ಫ್ಲೋಟ್ ಮತ್ತು ಡಬಲ್‌ಗಳ ತೇಲುವ ಬಿಂದು ಅಲ್ಲ, ಬಿಂದು ಕದಲದ 24 ಬಿಟ್‌ಗಳ ಸ್ಥಿರ ಬಿಂದು ಲೆಕ್ಕ. ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಕತ್ತರಿಸಿ ಇಟ್ಟುಕೊಂಡಿದ್ದರಿಂದ 100 ಗಂಟೆಗಳಲ್ಲಿ ಗಡಿಯಾರ ಸುಮಾರು 0.34 ಸೆಕೆಂಡು ತಪ್ಪಿತ್ತು. ಫ್ಲೋಟನ್ನು ದೂರುವವರು ಈ ಉದಾಹರಣೆಯನ್ನು ಬಿಡಬೇಕು. ದೋಷ ಇರುವುದು ಹತ್ತನ್ನು ಎರಡರಲ್ಲಿ ಹಿಡಿಸಹೊರಟಾಗ.

ಕೊನೆಗೆ ನಾನು ಹಣವನ್ನೆಲ್ಲ ಪೈಸೆಯ ಪೂರ್ಣಾಂಕಗಳಾಗಿ ಬದಲಾಯಿಸಿದೆ. ಲೀಟರು ಮಿಲಿಲೀಟರಾಯಿತು, 4.1 ಫ್ಯಾಟ್ 41 ಆಯಿತು. ಗುಣಾಕಾರದ ನಂತರ ಉಳಿಯುವ ಅರ್ಧ ಪೈಸೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಯಾವ ಸಂಖ್ಯಾಪ್ರಕಾರವೂ ಉತ್ತರ ಕೊಡಲಾರದು, ಹತ್ತರಲ್ಲೇ ಎಣಿಸುವ ಡೆಸಿಮಲ್ ಪ್ರಕಾರಗಳೂ ಕೊಡಲಾರವು. ಅದನ್ನು ಸಂಘದ ಸಭೆಯಲ್ಲಿ ಕೇಳಿದೆ. ಪ್ರತಿ ಹೊತ್ತಿನ ಹಾಲಿಗೂ ಆಗಿಂದಾಗಲೇ ಸರಿಹೊಂದಿಸಿ, ಅರ್ಧ ಪೈಸೆ ಬಂದರೆ ಉತ್ಪಾದಕರಿಗೆ ಸೇರಿಸಿ ಎಂದರು. ಹಾಗೆಯೇ ಬರೆದೆ. ಈಗ ಆ ಪ್ರೋಗ್ರಾಂನಲ್ಲಿ ಡಬಲ್ ಉಳಿದಿರುವುದು ತಿಂಗಳ ಸರಾಸರಿ ಫ್ಯಾಟ್ ತೋರಿಸುವ ಒಂದೇ ಕಡೆ, ಅದರ ಮೇಲೆ ಯಾರಿಗೂ ಹಣ ಕೊಡುವುದಿಲ್ಲ.