ನಾಲ್ಕು ಹಿಡಿ ಅವಲಕ್ಕಿ

ಕೇಳುಗರೇ, ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಆಟಿ ತಿಂಗಳ ಮಳೆ ಹಿಡಿದು ಕುಳಿತಾಗ ಮನೆಯ ಲೆಕ್ಕವೆಲ್ಲ ಒಟ್ಟಿಗೇ ಎದುರಿಗೆ ಬರುತ್ತದೆ. ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ ಎರಡು ದಿನದ ಬಿಸಿಲು ಸಿಗದಿದ್ದರೆ ಕೊಳೆರೋಗ ತಗಲಿದ ಎಳೆಯಡಿಕೆ ಬುಡಕ್ಕೆ ಉದುರುತ್ತದೆ. ಕೊಲ್ಲಿಯಿಂದ ಮಗ ಕಳುಹಿಸುತ್ತಿದ್ದ ಹಣ ನಿಂತುಹೋದ ಕಾರಣ ಕೆಂಪುಕಲ್ಲಿನ ಹೊಸ ಗೋಡೆಗಳು ಕಿಟಕಿಯ ಮಟ್ಟಕ್ಕೆ ನಿಂತು ಹಾವಸೆ ಹಿಡಿಯುತ್ತವೆ. ಬಾಡಿಗೆಗೆ ಇರುವವರಿಗೆ ಮನೆ ಯಾವಾಗ ಬಿಡಬೇಕಾಗುವುದೋ ಎಂಬ ಅಂಜಿಕೆ. ಪಾಲಾಗಿ ಬಂದ ನಾಲ್ಕೈದು ಸೆಂಟ್ಸ್ ಜಾಗವಿದ್ದವರಿಗೆ ಅದರಲ್ಲಿ ಮನೆ ಎದ್ದೀತೇ ಎಂಬ ಸಂಶಯ.

ಇಂಥ ಹೊತ್ತಿನಲ್ಲಿ ನಾವು ಹೇಳಿಕೊಳ್ಳುವ ಮಾತು, "ದೇವರಿದ್ದಾನೆ, ನಡೆಸಿಕೊಡುತ್ತಾನೆ" ಎಂಬುದು. ಸಹಕಾರಿ ಸಂಘವೊಂದರಲ್ಲಿ ಬಹುಕಾಲ ಸಾಲದ ಕಡತಗಳನ್ನು ನೋಡಿಕೊಂಡಿದ್ದ ನಾನು ಈ ಮಾತನ್ನು ಮೇಜಿನ ಆಚೆಯಿಂದ ಮತ್ತೆ ಮತ್ತೆ ಕೇಳಿದ್ದೇನೆ. ಬಂದ ನೋಟೀಸನ್ನು ಒಡೆಯದೆ ದೇವರ ಕೋಣೆಯ ಪಟದ ಹಿಂದೆ ಸಿಕ್ಕಿಸಿಟ್ಟವರೂ ಹಾಗೆನ್ನುತ್ತಿದ್ದರು. ಇದ್ದ ಕಾಗದವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದು, "ಇಷ್ಟು ಉಂಟು, ಇಷ್ಟು ಇಲ್ಲ, ಏನು ಮಾಡಬಹುದು ಹೇಳಿ" ಎಂದು ಕುಳಿತವರೂ ಹಾಗೆಯೇ ಎನ್ನುತ್ತಿದ್ದರು. ನಂಬಿಕೆ ಯಾರಲ್ಲಿ ಹೆಚ್ಚು ಎಂದು ಅಳೆಯುವ ಅಧಿಕಾರ ನನಗಿಲ್ಲ. ಆದರೆ ಎರಡನೆಯವರ ಮುಖದಲ್ಲಿ ಹೆದರಿಕೆ ಕಡಿಮೆ ಇತ್ತು.

ಭಾಗವತದ ದಶಮಸ್ಕಂಧದ ಕುಚೇಲನ ಕಥೆ ನಮ್ಮಲ್ಲಿ ಎಲ್ಲರಿಗೂ ತಿಳಿದಿದೆ. ಗುರುವಾಯೂರಿನಲ್ಲಿ ಧನುಮಾಸದ ಮೊದಲ ಬುಧವಾರವನ್ನು ಕುಚೇಲ ದಿನವೆಂದು ಆಚರಿಸಿ ಅವಲಕ್ಕಿಯನ್ನು ನೈವೇದ್ಯ ಮಾಡುವುದನ್ನು ನಮ್ಮ ಜಿಲ್ಲೆಯಿಂದ ಹೋದ ಯಾತ್ರಿಕರು ಕಂಡು ಬಂದಿದ್ದಾರೆ. ಹರಿಕಥೆಯಲ್ಲಿ ಕೇಳುವಾಗ ನಮ್ಮ ಮನಸ್ಸು ಸಾಮಾನ್ಯವಾಗಿ ಕೊನೆಗೆ ಓಡುತ್ತದೆ: ಗುಡಿಸಲಿದ್ದ ಜಾಗದಲ್ಲಿ ಅರಮನೆ. ನಾನು ಮಾತ್ರ ಕಥೆಯ ಮೊದಲಿನಲ್ಲೇ ನಿಲ್ಲುತ್ತೇನೆ. ಕುಚೇಲನ ಹೆಂಡತಿ ಹಸಿವಿನಿಂದ ನಡುಗುತ್ತ ಗಂಡನೆದುರು ಬಂದು, ಮನೆಯ ಸ್ಥಿತಿಯನ್ನು ಬಾಯಿಬಿಟ್ಟು ಹೇಳುತ್ತಾಳೆ. ದ್ವಾರಕೆಗೆ ಹೋಗಿ ಬನ್ನಿ ಎನ್ನುತ್ತಾಳೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಆತ ಕೇಳಿದಾಗ, ಊರಿನ ಬ್ರಾಹ್ಮಣರ ಮನೆಗಳಲ್ಲಿ ಬೇಡಿ ನಾಲ್ಕು ಹಿಡಿ ಅವಲಕ್ಕಿ ತಂದು ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಡುತ್ತಾಳೆ. ಮುಂದೆ ಕೃಷ್ಣನು ಆ ಗಂಟನ್ನು ಕಿತ್ತುಕೊಂಡು ತಿನ್ನುವ ಸಂಭ್ರಮದಲ್ಲಿ ನಾವು ಅವಳನ್ನು ಮರೆತುಬಿಡುತ್ತೇವೆ. ದೇವರ ಅನುಗ್ರಹದ ದಾರಿ ತೆರೆದದ್ದು ಒಬ್ಬ ಹೆಂಗಸು ತನ್ನ ಮನೆಯ ಕಷ್ಟವನ್ನು ಬಚ್ಚಿಡದೆ ಹೇಳಿದ್ದರಿಂದ, ನೆರೆಮನೆಯ ಬಾಗಿಲಲ್ಲಿ ನಿಂತು ಕೇಳಲು ನಾಚದೆ ಇದ್ದುದರಿಂದ. ದೇವರನ್ನು ನಂಬುವುದೆಂದರೆ ಮಾತಾಡದೆ ಕಾಯುವುದು ಎಂದು ಯಾರು ಹೇಳಿದರೋ ತಿಳಿಯದು, ಭಾಗವತದಲ್ಲಿ ಹಾಗಿಲ್ಲ.

ಸಾಲಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಕೆಡಿಸುವುದು ಸಾಲವನ್ನು ಮುಚ್ಚಿಡುವ ಗೀಳು. ಮಗಳ ಮದುವೆಗೆ ತೆಗೆದ ಸಾಲದ ಮೊತ್ತ ಹೆಂಡತಿಗೆ ಗೊತ್ತಿರುವುದಿಲ್ಲ. ಹೆಂಡತಿ ಕರಿಮಣಿ ಸರವೊಂದನ್ನು ಬಿಟ್ಟು ಉಳಿದ ಚಿನ್ನವನ್ನೆಲ್ಲ ಅಡವಿಟ್ಟದ್ದು ಗಂಡನಿಗೆ ಗೊತ್ತಿರುವುದಿಲ್ಲ. ಬ್ಯಾಂಕಿನ ಕಂತು ತಪ್ಪಿದ್ದು ಊರಿಗೆ ತಿಳಿಯಬಾರದೆಂದು ಗುಟ್ಟಾಗಿ ಬ್ಲೇಡ್ ಬಡ್ಡಿಗೆ, ಎಂದರೆ ಖಾಸಗಿಯವರ ಕತ್ತು ಕೊಯ್ಯುವ ಬಡ್ಡಿಯ ಸಾಲಕ್ಕೆ, ಕೈಯೊಡ್ಡುತ್ತಾರೆ. 2014ರಲ್ಲಿ ಕೇರಳ ಸರಕಾರ ಆಪರೇಷನ್ ಕುಬೇರ ಎಂಬ ಹೆಸರಿನಲ್ಲಿ ಈ ಬಡ್ಡಿಕೋರರ ಮೇಲೆ ದಾಳಿ ನಡೆಸಬೇಕಾಗಿ ಬಂತೆಂದರೆ ಆ ಗುಟ್ಟಿನ ವ್ಯವಹಾರ ಎಷ್ಟು ಬೆಳೆದಿತ್ತೆಂದು ಊಹಿಸಬಹುದು. ಕುಬೇರನ ಹೆಸರನ್ನು ಇಂಥ ಕೆಲಸಕ್ಕೆ ಎಳೆದು ತಂದದ್ದು ಬೇರೆ ವಿಷಯ. ದೇವರು ಕಾಣುತ್ತಾನೆ ಎಂದು ನಿಜವಾಗಿ ನಂಬಿದವನಿಗೆ ನೆರೆಯವರು ಕಂಡರೆ ಏನಾದೀತು ಎಂಬ ಭಯ ಸ್ವಲ್ಪವಾದರೂ ಕಡಿಮೆಯಾಗಬೇಕಲ್ಲವೇ?

ಭಕ್ತಿಯ ಮಾತಿನ ನಡುವೆ ಕಾಯಿದೆಯ ಮಾತೇಕೆ ಎಂದು ಕೇಳಬೇಡಿ. ನೋಟೀಸು ಬಂದ ಮನೆಯಲ್ಲಿ ಇವೆರಡೂ ಒಂದೇ ಜಗಲಿಯ ಮೇಲೆ ಕುಳಿತಿರುತ್ತವೆ. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯಿದೆಯ ಪ್ರಕಾರ ಬ್ಯಾಂಕು ಕಳುಹಿಸುವ ಮೊದಲ ನೋಟೀಸಿನಿಂದ ಸಾಲಗಾರನಿಗೆ 60 ದಿನಗಳ ಅವಕಾಶವಿದೆ. ಆ ಅವಧಿಯೊಳಗೆ ಆತ ಆಕ್ಷೇಪ ಬರೆದುಕೊಟ್ಟರೆ, ಅದನ್ನು ಒಪ್ಪದ ಬ್ಯಾಂಕು 15 ದಿನಗಳಲ್ಲಿ ಕಾರಣ ಸಹಿತ ಉತ್ತರ ಕೊಡಬೇಕು. ಕೃಷಿಭೂಮಿಯ ಮೇಲಿನ ಅಡಮಾನಕ್ಕೆ ಆ ಕಾಯಿದೆ ಅನ್ವಯಿಸುವುದಿಲ್ಲ. ಲೋಕ ಅದಾಲತ್ತಿನಲ್ಲಿ ಶುಲ್ಕವಿಲ್ಲದೆ ರಾಜಿ ಮಾಡಿಕೊಳ್ಳಬಹುದು. ಕೇರಳದಲ್ಲಿ ರೈತರ ಸಾಲಪರಿಹಾರಕ್ಕೆಂದು 2006ರ ಕಾಯಿದೆಯಂತೆ ಒಂದು ಆಯೋಗವೇ ಇದೆ. ಪಟದ ಹಿಂದೆ ಸಿಕ್ಕಿಸಿಟ್ಟ ಲಕೋಟೆಯೊಳಗೆ ಆ 60 ದಿನಗಳು ಕಳೆದುಹೋಗುತ್ತವೆ.

ಮನೆಯ ವಿಷಯಕ್ಕೂ ಹೀಗೆಯೇ. ಭೂಸುಧಾರಣೆಯ ಕಾಲದಲ್ಲಿ, ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ನೆಲದ ಹಕ್ಕು ಸಿಕ್ಕಿತು. ಇಂದು ಕೇರಳ ಸರಕಾರದ ಲೈಫ್ ಮಿಷನ್ ವಸತಿ ಯೋಜನೆಯಲ್ಲಿ ಮನೆ ಕಟ್ಟಲು 4 ಲಕ್ಷ ರೂಪಾಯಿ ಕಂತುಗಳಲ್ಲಿ ಬರುತ್ತದೆ. ಪಟ್ಟಿಯಲ್ಲಿ ಹೆಸರಿಗಾಗಿ ಕಾಯುವುದು ಬೇಸರದ ಕೆಲಸವೇ. ಅದಕ್ಕಿಂತ ಬೇಸರದ್ದು, ಕನ್ನಡದಲ್ಲಷ್ಟೇ ಓದಿದ ನಮ್ಮ ಅಕ್ಕಂದಿರು ಮಲಯಾಳದ ಅರ್ಜಿಯನ್ನು ಹಿಡಿದುಕೊಂಡು ಓದಿಸುವುದಕ್ಕೆ ಯಾರ ಮನೆಗೆ ಹೋಗಲಿ ಎಂದು ಯೋಚಿಸುವುದು. ಭಾಷಾ ಅಲ್ಪಸಂಖ್ಯಾತರ ಈ ಪ್ರದೇಶದಲ್ಲಿ ಕನ್ನಡದಲ್ಲೇ ಬರೆದುಕೊಡುವ ಹಕ್ಕು ನಮಗಿದೆ. ಹೆಂಗಸರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ನೆರೆಕರೆ ಕೂಟದಲ್ಲಿ ಒಬ್ಬರಾದರೂ ಎರಡೂ ಭಾಷೆ ಬಲ್ಲವರು ಇರುತ್ತಾರೆ; ಅವರನ್ನು ಕೇಳುವುದರಲ್ಲಿ ಸಣ್ಣತನವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೈಗೂಡದವರ ಪಾಡೇನು ಎಂಬ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳಲಾರೆ. ಪ್ರಾರ್ಥಿಸಿದರೂ ಜಪ್ತಿಯಾದ ಮನೆಗಳುಂಟು, ಒಳ್ಳೆಯವರೇ ಬಾಡಿಗೆ ಮನೆಯಲ್ಲಿ ಕಣ್ಣು ಮುಚ್ಚಿದ್ದುಂಟು. ಇಷ್ಟು ಕಾಣಿಕೆ ಹಾಕಿ, ಹತ್ತು ಪಟ್ಟು ಹಿಂದೆ ಬರುತ್ತದೆ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅದು ಚಿಟ್ಟಿಯ ಲೆಕ್ಕಾಚಾರ, ಭಕ್ತಿಯದ್ದಾಗಿರಲಿಕ್ಕಿಲ್ಲ. ಮಧೂರಿನ ಗಣಪತಿಗೆ ಅಪ್ಪದ ಸೇವೆ ಹೇಳಿಕೊಳ್ಳುವುದು ಬೇರೆ. ಅದರಲ್ಲಿ ಮನಸ್ಸಿನ ಭಾರವನ್ನು ಇಳಿಸಿ ಬರುವ ಸಮಾಧಾನವಿದೆ. ಕುಚೇಲನಾದರೂ ದ್ವಾರಕೆಯಲ್ಲಿ ಏನನ್ನೂ ಕೇಳಲಿಲ್ಲ, ಕೃಷ್ಣನೂ ಎದುರಿಗೆ ಏನನ್ನೂ ಕೊಡಲಿಲ್ಲ. ಹಿಂದಿರುಗುವ ದಾರಿಯಲ್ಲಿ ಆತ, ಹಣ ಬಂದರೆ ಈ ಬಡವ ತನ್ನನ್ನು ಮರೆತಾನೆಂದು ಕರುಣೆಯಿಂದಲೇ ಕೊಡದೆ ಕಳುಹಿಸಿರಬೇಕು ಎಂದುಕೊಳ್ಳುತ್ತಾನೆ. ಅರಮನೆ ಆತನ ಕಣ್ಣಿಗೆ ಬಿದ್ದದ್ದು ಅದರ ನಂತರ. ಬರಿಗೈಯಲ್ಲಿ ನಡೆಯುತ್ತಿದ್ದ ಆ ದಾರಿಯಲ್ಲೇ ಆತನ ಭಯ ಹೋಗಿತ್ತು. ಅಂಥ ಮನಸ್ಸು ನನಗೆ ಬಂದಿದೆಯೆಂದು ನಾನು ಹೇಳಿಕೊಳ್ಳುವುದಿಲ್ಲ. ಅದು ಬರಲೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಅಜ್ಜಿಯಂದಿರಿಗೆ ಆಟಿ ಹಸಿವಿನ ತಿಂಗಳೆಂದು ಗೊತ್ತಿತ್ತು. ಬೇಸಿಗೆಯ ಬಿಸಿಲಲ್ಲೇ ಹಲಸಿನ ಹಪ್ಪಳ ಒಣಗಿಸಿ, ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟಿಡುತ್ತಿದ್ದರು; ದೇವರ ಮೇಲೆ ಭಾರ ಹಾಕಿದ್ದೇವೆಂದು ಹಲಸನ್ನು ಮರದಲ್ಲೇ ಕೊಳೆಯಲು ಬಿಡಲಿಲ್ಲ. ಆಟಿ ಕಳಂಜನ ವೇಷ ಹಾಕಿದವನು ಊರಿನ ಮಾರಿ ಕಳೆಯಲು ಅಂಗಳಕ್ಕೆ ಬಂದಾಗ, ಅದೇ ಕೊರತೆಯ ನಡುವೆ ಅವನಿಗೆ ಅಕ್ಕಿಯನ್ನೂ ಕೊಟ್ಟು ಕಳುಹಿಸುತ್ತಿದ್ದರು.

ಕೊನೆಗೆ ಇನ್ನೊಂದು ಮಾತು ಉಳಿದಿದೆ, ಅದು ಸ್ವಲ್ಪ ಅನುಕೂಲವಿರುವ ಕೇಳುಗರಿಗೆ. ಕುಚೇಲನ ಹೆಂಡತಿಗೆ ಅವಲಕ್ಕಿ ಕೊಟ್ಟ ಆ ಮನೆಯವರು ಯಾರೆಂದು ಭಾಗವತ ಹೇಳುವುದಿಲ್ಲ. ನಿಮ್ಮ ಜಗಲಿಗೆ ಯಾರಾದರೂ ಬಂದು, ಮಾತು ತಡವರಿಸುತ್ತ, ಮಳೆಯ ವಿಷಯವನ್ನೇ ಸುತ್ತಿ ಸುತ್ತಿ ಮಾತಾಡಿದರೆ, ಅವರು ಹೇಳಲು ಬಂದದ್ದು ಬೇರೆಯೇ ಎಂದು ತಿಳಿಯಿರಿ. ಚಹಾ ಕೊಟ್ಟು ನೀವೇ ಮೊದಲು ಕೇಳಿ. ಕೊಡಲು ಆಗುವಷ್ಟನ್ನು ಕೊಡಿ, ಆಗದಿದ್ದರೆ ಬ್ಯಾಂಕಿಗೋ ಪಂಚಾಯತಿಗೋ ಅವರ ಜೊತೆ ಒಂದು ದಿನ ಹೋಗಿ ಬನ್ನಿ. ಮತ್ತೆ ಅದನ್ನು ಪೇಟೆಯಲ್ಲಿ ಹೇಳಿಕೊಂಡು ತಿರುಗಬೇಡಿ.

ನಮಸ್ಕಾರ.