ಮಾರಾಟದ ತಂತ್ರಾಂಶದಲ್ಲಿ ಓಪನ್ ಸೋರ್ಸ್ ಭಾಗಗಳು

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರಿನ ಕಾಫಿ ತೋಟಗಳ ಹಾಜರಿ, ಬಟವಾಡೆ, ಕೊಯ್ಲಿನ ತೂಕ ಇವುಗಳ ಲೆಕ್ಕವಿಡುವ ತಂತ್ರಾಂಶವೊಂದನ್ನು ಹಾಸನದ ನಾಲ್ಕಾರು ತರುಣರು ಸಿದ್ಧಪಡಿಸಿ ಮಾರಲು ಹೊರಟಿದ್ದಾರೆಂದು ಇಟ್ಟುಕೊಳ್ಳೋಣ. ಅದರಲ್ಲಿ ಅವರೇ ಬರೆದದ್ದು ಸ್ವಲ್ಪ. ಉಳಿದದ್ದು ಬೇರೆಯವರು ಬರೆದು ಓಪನ್ ಸೋರ್ಸ್ ಪರವಾನಗಿಯಡಿ ಹಂಚಿದ ಭಾಗಗಳು. ಸೋರ್ಸ್ ಕೋಡ್ ಎಂದರೆ ಪ್ರೋಗ್ರಾಮು ಬರೆದವರ ಮೂಲ ಬರಹ; ಅದನ್ನು ಯಾರು ಬೇಕಾದರೂ ನೋಡಿ, ಬದಲಿಸಿ, ಹಂಚಬಹುದೆನ್ನುವ ಅನುಮತಿಯೇ ಓಪನ್ ಸೋರ್ಸ್ ಪರವಾನಗಿ.

ಇಂಥವನ್ನು ಲಾಭಕ್ಕಾಗಿ ಬಳಸಬಾರದೆಂಬ ನಂಬಿಕೆ ಅಲ್ಲಲ್ಲಿ ಉಳಿದಿದೆ. ಅದು ಸರಿಯಲ್ಲ. 1998ರಲ್ಲಿ ಸ್ಥಾಪನೆಯಾದ ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ, ವ್ಯಾಪಾರದ ಬಳಕೆಯನ್ನು ತಡೆಯುವ ಪರವಾನಗಿ ಓಪನ್ ಸೋರ್ಸ್ ಎನಿಸಿಕೊಳ್ಳುವುದೇ ಇಲ್ಲ. ಆದರೆ ಕೃತಿಸ್ವಾಮ್ಯ ಬರೆದವರಲ್ಲೇ ಉಳಿದಿರುತ್ತದೆ, ಹಾಗಾಗಿ ಅವರ ಪರವಾನಗಿಯ ಷರತ್ತುಗಳನ್ನು ಪಾಲಿಸಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದೆ.

ಎಂಐಟಿ, ಬಿಎಸ್‌ಡಿ ಬಗೆಯ ಪರವಾನಗಿಗಳು ಕೇಳುವುದು ಕಡಿಮೆ: ಬರೆದವರ ಕೃತಿಸ್ವಾಮ್ಯದ ಸೂಚನೆಯೂ ಪರವಾನಗಿಯ ಪಠ್ಯವೂ ಪ್ರತಿಯೊಡನೆ ಇರಬೇಕು. ಕನ್ನಡದ ಒತ್ತಕ್ಷರಗಳನ್ನು ತೆರೆಯ ಮೇಲೆ ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಈ ಬಗೆಯದು. ಇಷ್ಟು ಸುಲಭವೆಂಬ ಕಾರಣಕ್ಕೋ ಏನೋ, ಮರೆತುಬಿಡುವುದೂ ಇದನ್ನೇ.

ಜಿಪಿಎಲ್, ಅಂದರೆ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪರವಾನಗಿಯ ವಿಷಯ ಬೇರೆ. ಆ ಪರವಾನಗಿಯ ಭಾಗವನ್ನು ನಮ್ಮ ಪ್ರೋಗ್ರಾಮಿನೊಳಗೆ ಬೆಸೆದು, ಅದರ ಪ್ರತಿಯನ್ನು ತೋಟದ ಕಚೇರಿಯ ಕಂಪ್ಯೂಟರಿಗೆ ಹಾಕಿಕೊಟ್ಟರೆ ಅದು ವಿತರಣೆಯಾಗುತ್ತದೆ. ಆಗ ಇಡೀ ಪ್ರೋಗ್ರಾಮಿನ ಸೋರ್ಸ್ ಕೋಡ್ ಅದೇ ಪರವಾನಗಿಯಡಿ ಆ ಗ್ರಾಹಕರಿಗೆ ಸಿಗಬೇಕು. ಹಣ ಪಡೆಯಬಾರದೆಂದೇನಿಲ್ಲ, ಆದರೆ ಕೊಂಡವರು ಅದನ್ನು ಪಕ್ಕದ ತೋಟದವರಿಗೆ ಕೊಟ್ಟರೆ ತಡೆಯುವಂತಿಲ್ಲ. ಪ್ರೋಗ್ರಾಮು ನಮ್ಮ ಸರ್ವರಿನಲ್ಲೇ ಉಳಿದು, ತೋಟದವರು ಅಂತರಜಾಲದ ಮೂಲಕ ಬಳಸುವುದಷ್ಟೇ ಆದರೆ ಜಿಪಿಎಲ್‌ನ ಈ ಷರತ್ತು ತಟ್ಟುವುದಿಲ್ಲ. ಈ ಸಂದಿಯನ್ನು ಮುಚ್ಚಲೆಂದೇ ಇರುವ ಎಜಿಪಿಎಲ್ ಎಂಬ ಸೋದರ ಪರವಾನಗಿಯ 2007ರ ಆವೃತ್ತಿ, ಮೂಲ ಪ್ರೋಗ್ರಾಮನ್ನು ಮಾರ್ಪಡಿಸಿದವರು ಜಾಲದ ಮೂಲಕ ಬಳಸುವವರಿಗೂ ಕೋಡ್ ಒದಗಿಸಬೇಕೆನ್ನುತ್ತದೆ. ಪಿಡಿಎಫ್ ತಯಾರಿಸುವ ಐಟೆಕ್ಸ್ಟ್ ಎಜಿಪಿಎಲ್ ಅಡಿಯಲ್ಲಿ ಸಿಗುತ್ತದೆ. ತಮ್ಮ ಕೋಡ್ ತೆರೆದಿಡಲು ಒಪ್ಪದವರಿಗೆ ಅದರ ಕಂಪನಿಯೇ ಬೇರೊಂದು ಪರವಾನಗಿಯನ್ನು ಮಾರುತ್ತದೆ. ರಸೀದಿಗಾಗಿ ಅದನ್ನು ಆರಿಸಿಕೊಳ್ಳುವ ತರುಣರು ಆ ಖರ್ಚನ್ನು ಬೆಲೆ ನಿಗದಿಗೆ ಮುಂಚೆಯೇ ಲೆಕ್ಕಕ್ಕೆ ಹಿಡಿಯುವುದು ಜಾಣತನವೆಂದು ನನಗನಿಸುತ್ತದೆ.

ಪರವಾನಗಿಯೇ ಇಲ್ಲದೆ ಜಾಲದಲ್ಲಿ ಬಿದ್ದಿರುವ ಕೋಡನ್ನಂತೂ ಮುಟ್ಟದಿರುವುದೇ ಲೇಸು, ಏಕೆಂದರೆ ಅದನ್ನು ಬಳಸಲು ಯಾರೂ ಅನುಮತಿ ಕೊಟ್ಟಿಲ್ಲ. ಇನ್ನು, ಒಂದು ಭಾಗ ತನ್ನೊಡನೆ ಹತ್ತಾರು ಉಪಭಾಗಗಳನ್ನು ಎಳೆದು ತರುವುದರಿಂದ, ಪ್ರತಿಯೊಂದರ ಹೆಸರು, ಆವೃತ್ತಿ, ಪರವಾನಗಿಗಳ ಪಟ್ಟಿಯನ್ನು ಕೆಲಸದ ಮೊದಲ ದಿನದಿಂದಲೇ ಬರೆದಿಡಬೇಕು. ದೊಡ್ಡ ಗ್ರಾಹಕರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈಗ ಆ ಪಟ್ಟಿಯನ್ನು ಕೇಳುವುದುಂಟು.