ಕಂಪನಿಗೆ ಯಾಕೆ ರಾಜಕೀಯದ ಗೊಡವೆ?

ಕೇಳುಗರಿಗೆ ನಮಸ್ಕಾರ.

ಕಂಪನಿ ನಡೆಸುವವರು ಸಾಮಾನು ಮಾಡಿ, ಮಾರಿಕೊಂಡು ಸುಮ್ನೆ ಇರಬಾರದಾ, ಮಂತ್ರಿಗಳ ಹತ್ತಿರ ಏನು ಕೆಲಸ ಅಂತ ಎಷ್ಟೋ ಜನ ಕೇಳುತ್ತಾರೆ. ಒಂದು ಪರೋಟದ ಕತೆ ಹೇಳುತ್ತೇನೆ, ಕೇಳಿ.

ಪ್ಯಾಕೆಟ್ಟಿನಲ್ಲಿ ಬರುತ್ತದಲ್ಲ, ಕಾವಲಿ ಮೇಲೆ ಬಿಸಿ ಮಾಡಿ ತಿನ್ನುವ ಪರೋಟ, ಅದೂ ಚಪಾತಿ, ರೊಟ್ಟಿಯ ಥರಾನೇ, ಶೇ 5 ಜಿಎಸ್‌ಟಿ ಸಾಕು ಎಂದು ಬೆಂಗಳೂರಿನ ಒಂದು ಕಂಪನಿ ವಾದಿಸಿತು. ಯಾವುದಕ್ಕೆ ಎಷ್ಟು ಜಿಎಸ್‌ಟಿ ಎಂದು ಕೇಳಿದವರಿಗೆ ಮೊದಲೇ ಹೇಳುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2020ರಲ್ಲಿ ಒಪ್ಪಲಿಲ್ಲ. ಚಪಾತಿಯನ್ನು ಹಾಗೇ ತಿನ್ನಬಹುದು, ಇದನ್ನು ಬಿಸಿ ಮಾಡಬೇಕು, ಹಾಗಾಗಿ ಶೇ 18 ಎಂದಿತು. ಹಿಟ್ಟು ಅದೇ, ಎಣ್ಣೆ ಅದೇ, ಕೆಲಸದವರೂ ಅವರೇ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಪರೋಟದ ತೆರಿಗೆಯನ್ನೇ ತೆಗೆದುಹಾಕಿತು. ಕಾರ್ಖಾನೆಯಲ್ಲಿ ವರ್ಷಪೂರ್ತಿ ಬೆವರು ಸುರಿಸಿದರೂ ಅಷ್ಟು ಖರ್ಚು ಉಳಿಸುವುದು ಕಷ್ಟ. ಸರ್ಕಾರದ ಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಸಾಕು. ಅಂದಮೇಲೆ ಆ ಸಾಲು ಬರೆಯುವವರ ಬಾಗಿಲಿಗೆ ಯಾವ ಮ್ಯಾನೇಜರ್ ಹೋಗದೆ ಇರುತ್ತಾರೆ, ಹೇಳಿ?

1991ಕ್ಕೆ ಮುಂಚೆ ಈ ಓಡಾಟ ಇನ್ನೂ ಜಾಸ್ತಿ ಇತ್ತು. ಎಷ್ಟೋ ಉದ್ಯಮಗಳಲ್ಲಿ ಲೈಸೆನ್ಸ್ ಇಲ್ಲದೆ ಉತ್ಪಾದನೆ ಹೆಚ್ಚಿಸುವ ಹಾಗೇ ಇರಲಿಲ್ಲ. ದೆಹಲಿಯ ಕಚೇರಿಗಳನ್ನು ಸುತ್ತುವುದಕ್ಕೆಂದೇ ದೊಡ್ಡ ಕಂಪನಿಗಳು ಜನ ಇಟ್ಟಿದ್ದವು.

2024ರ ಜುಲೈ ನಿಮಗೆ ನೆನಪಿರಬಹುದು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ನಮ್ಮ ರಾಜ್ಯದ ಸಂಪುಟ ಒಪ್ಪಿತು. ಐಟಿ ಕಂಪನಿಗಳ ಸಂಘ ನಾಸ್ಕಾಂ ವಿರೋಧಿಸಿತು, ಉದ್ಯಮಿಗಳು ದನಿ ಎತ್ತಿದರು, ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ನಮ್ಮ ಹುಡುಗರಿಗೆ ಕೆಲಸ ಸಿಗಬೇಕು ಎನ್ನುವುದು ನನ್ನ ಆಸೆಯೂ ಹೌದು. ಆದರೂ ಉದ್ಯಮಿಗಳು ಹೇಳಿದ್ದು ಎಲ್ಲರ ಎದುರಿಗೆ. ಒಪ್ಪಬಹುದು, ಬೈಯಬಹುದು, ಉತ್ತರ ಕೊಡಬಹುದು.

ಪಕ್ಷಗಳಿಗೆ ಗುಟ್ಟಾಗಿ ಕೊಡುವ ದುಡ್ಡಿಗೆ ಉತ್ತರ ಕೊಡುವುದು ಹೇಗೆ? ಮೊದಲು ಕಂಪನಿಯೊಂದು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 7.5ರಷ್ಟನ್ನು ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ಹೋಯಿತು. 2018ರಲ್ಲಿ ಚುನಾವಣಾ ಬಾಂಡ್ ಬಂತು, ಅಂದರೆ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುವ ಪತ್ರ. ಯಾರು ಯಾರಿಗೆ ಕೊಟ್ಟರು ಎಂಬುದು ಮತದಾರರಿಗೆ ತಿಳಿಯುವಂತಿರಲಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಜನರನ್ನು ಇಟ್ಟುಕೊಂಡು ಲೇತ್ ಓಡಿಸುವವರು ಕೋಟಿ ರೂಪಾಯಿಯ ಬಾಂಡ್ ಎಲ್ಲಿಂದ ಕೊಂಡಾರು? ಅವರ ಕಷ್ಟವೂ ಅದೇ ತೆರಿಗೆ, ಅದೇ ಲೈಸೆನ್ಸ್ ಅಲ್ವಾ?

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಮಿತಿ ತೆಗೆದುಹಾಕಿದ್ದೂ ತಪ್ಪು ಎಂದಿತು. ಬಾಂಡ್ ಕೊಟ್ಟವರ ಪಟ್ಟಿ ಮಾರ್ಚ್‌ನಲ್ಲಿ ಹೊರಗೆ ಬಂತು. ಅದು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು.